ಗೋಣಿಬೀಡಿನಲ್ಲಿ ಒಂದು ಹಳದಿ ಹನಿ

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಪ್ರವಾಸಿಗರು ಹುಡುಕಿಕೊಂಡು ಬರುವ ಊರೇನಲ್ಲ. ಹೊಯ್ಸಳರ ಮೂಲಸ್ಥಾನವೆನ್ನಲಾಗುವ ಅಂಗಡಿಗೆ ಹೋಗುವವರು, ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೊರಟವರು ಇಲ್ಲೊಂದು ಲೋಟ ಕಾಫಿ ಕುಡಿದು ಮುಂದೆ ಸಾಗುತ್ತಾರೆ. ನಾನೂ ಹಾಗೆಯೇ ಎಷ್ಟೋ ಸಲ ದಾಟಿ ಹೋದವನು. ಈ ಊರಿನಲ್ಲಿ ಒಂದು ಇಡೀ ದಿನ ಕೂತದ್ದು ಭಾವನ ಪಿಕಪ್ ಕೆಟ್ಟು ನಿಂತಾಗ.

ಅದು 2021ರ ಜನವರಿ. ಕಾಫಿ ಕುಯ್ಲಿನ ನಡುವೆ ಅಕಾಲ ಮಳೆ ಹಿಡಿದು ಬೆಳೆಗಾರರ ನಿದ್ದೆಗೆಡಿಸಿದ್ದ ದಿನಗಳು. ಕಣದಲ್ಲಿ ಒಣಗಿಸೋಣವೆಂದರೆ ಬಿಸಿಲಿಲ್ಲ, ಗಿಡದಲ್ಲೇ ಬಿಡೋಣವೆಂದರೆ ಹಣ್ಣು ಒಡೆದು ನೆಲ ಸೇರುತ್ತಿತ್ತು. ಕುಯ್ದ ಅರೇಬಿಕಾ ಹಣ್ಣನ್ನು ಅದೇ ದಿನ ಪಲ್ಪರಿಗೆ ಹಾಕದಿದ್ದರೆ ಮೂಟೆಯಲ್ಲೇ ಬಿಸಿಯೇರಿ ಹುಳಿಯುತ್ತದೆ. ಭಾವನದು ಸಣ್ಣ ತೋಟ, ಸ್ವಂತ ಪಲ್ಪರ್ ಇಲ್ಲ. ಇಪ್ಪತ್ತೈದು ಮೂಟೆ ಹಣ್ಣು ಹೇರಿಕೊಂಡು ಮೂಡಿಗೆರೆ ಕಡೆಯ ನೆಂಟರ ತೋಟಕ್ಕೆ ಹೊರಟಿದ್ದೆವು.

ಊರು ದಾಟಿ ಏರು ಹತ್ತುವಾಗ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ. ಗಾಡಿ ಓಡಿಸುತ್ತಿದ್ದ ಹುಡುಗ ಇಳಿದವನೇ ಬಟ್ಟೆ ಸುತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. ‘ಮುಟ್ಟಬೇಡ ಮಾರಾಯ!’ ಎಂದು ಭಾವ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಕೂಗಿದ್ದಕ್ಕೆ ಕಾರಣವಿದೆ. ಸುಮಾರು ಮೂರು ಸಾವಿರ ಅಡಿ ಎತ್ತರದ ಈ ಸೀಮೆಯಲ್ಲಿ ಬಯಲಲ್ಲಿಟ್ಟ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಡುವುದರಿಂದ ಅಲ್ಲಿನ ನೀರು 110 ಡಿಗ್ರಿಯಲ್ಲೂ ಕುದಿಯದೆ ತೆಪ್ಪಗಿರುತ್ತದೆ. ಮುಚ್ಚಳ ತೆಗೆದಿರೋ, ಅಷ್ಟೂ ಒಮ್ಮೆಲೇ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ತಪ್ಪೇ, ಹೆಡ್ ಬಿರುಕು ಬಿಡಬಹುದು. ಮುಕ್ಕಾಲು ಗಂಟೆ ಕಾದೆವು. ಆಮೇಲೆ ಹಳ್ಳದ ನೀರು ತುಂಬಿ, ಮೆಲ್ಲಗೆ ಹಿಂದಿರುಗಿ ಗೋಣಿಬೀಡಿನ ವರ್ಕ್‌ಶಾಪ್ ಮುಂದೆ ನಿಲ್ಲಿಸಿದೆವು.

‘ಸಾಬ್ರೇ, ರೇಡಿಯೇಟರ್ ಹೋಯ್ತು ಕಾಣ್ತದೆ’ ಎಂದರು ಭಾವ. ಅರವತ್ತು ದಾಟಿದ್ದ ಸಾಬರು ಅವಸರ ಮಾಡಲಿಲ್ಲ. ‘ಮೊದಲು ಹಣ್ಣು ಕಳಿಸಿ ಸಾರ್. ಗಾಡಿ ಕಾಯ್ತದೆ, ಹಣ್ಣು ಕಾಯೂದಿಲ್ಲ’ ಎಂದರು. ದಾರಿಯಲ್ಲಿ ಹೋಗುತ್ತಿದ್ದ ಪರಿಚಯದವರ ಜೀಪು ತಡೆದು ಹನ್ನೆರಡು ಮೂಟೆ ದಾಟಿಸಿದೆವು. ಹದಿಮೂರು ಉಳಿದವು.

ಸಾಬರು ಆಯಿಲ್ ಕಡ್ಡಿ ಎಳೆದು ನೋಡಿದರು. ಎಣ್ಣೆ ಹಾಲು ಬೆರೆತ ಕಾಫಿಯಂತಾಗಿರಲಿಲ್ಲ. ‘ಗ್ಯಾಸ್ಕೆಟ್ ಬಚಾವ್’ ಎಂದರು. ಎಂಜಿನ್ ಪೂರ್ತಿ ಆರಿದ ಮೇಲೆ ರೇಡಿಯೇಟರಿನ ಬಾಯಿಗೆ ಮೀಟರ್ ಇರುವ ಕೈಪಂಪು ಸಿಕ್ಕಿಸಿ ಗಾಳಿ ಒತ್ತಿದರು. ಮುಳ್ಳು ಏರಿತು, ನಿಲ್ಲದೆ ಇಳಿಯತೊಡಗಿತು. ಎಲ್ಲೋ ಸೋರುತ್ತಿದೆ ಎಂದಾಯಿತು. ಎಲ್ಲಿ? ಕೆಳಗಿನ ಹೋಸ್ ಒದ್ದೆಯಾಗಿತ್ತು, ಆದರೆ ಅದರ ಕ್ಲ್ಯಾಂಪು ಬಿಗಿಯಾಗಿತ್ತು. ‘ಒದ್ದೆ ಇದ್ದಲ್ಲಿ ತೂತು ಇರೂದಿಲ್ಲ ಸಾರ್. ಫ್ಯಾನಿನ ಗಾಳಿ ಹನಿಯನ್ನು ಎಲ್ಲಿಗೋ ಒಯ್ತದೆ. ಮೇಲಿಂದ ಹುಡುಕ್ಬೇಕು.’

ಟಾರ್ಚು ಹಿಡಿದು ಬಗ್ಗಿದವರು ನಕ್ಕುಬಿಟ್ಟರು. ವಾಟರ್ ಪಂಪಿನ ಹೊಟ್ಟೆಯ ಕೆಳಗೆ, ಒಳಗಿನ ಸೀಲು ಸವೆದರೆ ಗೊತ್ತಾಗಲೆಂದು ತಯಾರಿಸುವಾಗಲೇ ಬಿಟ್ಟ ಸಣ್ಣ ತೂತೊಂದಿರುತ್ತದೆ. ಅಲ್ಲಿಂದ ಒಂದು ಹಳದಿ ಗೆರೆ ಇಳಿದು ಒಣಗಿತ್ತು. ‘ಅರಿಶಿನ ಹಾಕಿದ್ದು ಯಾರು?’

ಹುಡುಗ ತಲೆ ತಗ್ಗಿಸಿದ. ಒಂದು ವಾರದಿಂದ ದಿನಾ ನೀರು ಕಮ್ಮಿಯಾಗುತ್ತಿತ್ತಂತೆ. ಹೇಳಿದರೆ ತನ್ನ ಸಂಬಳದಲ್ಲಿ ಹಿಡಿದಾರೆಂದು ಹೆದರಿ, ಹಳೆಯ ಲಾರಿ ಡ್ರೈವರುಗಳ ಮದ್ದು ಮಾಡಿದ್ದ. ರೇಡಿಯೇಟರಿನ ಕೂದಲೆಳೆಯ ತೂತಿಗೆ ಅರಿಶಿನ ಕಚ್ಚಿಕೊಂಡು ಕೊಂಚ ದಿನ ನಿಲ್ಲುವುದುಂಟು. ಆದರೆ ತಿರುಗುವ ಶಾಫ್ಟಿನ ಬದಿಯ ಸೋರಿಕೆಗೆ ಅದು ಏನೂ ಮಾಡದು. ಬದಲಿಗೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೆಸರಾಗಿ ಕೂರುತ್ತದೆ. ಸಾಬರು ಪುಲ್ಲಿ ಹಿಡಿದು ಅಲುಗಿಸಿದರು. ಅದು ಹಲ್ಲಿನಂತೆ ಅಲ್ಲಾಡಿತು.

ಹೊಸ ಪಂಪು ಮೂಡಿಗೆರೆಯಿಂದ ಬಸ್ಸಿನಲ್ಲಿ ಬಂತು. ಅಂಗಡಿಯವರು ಕಂಡಕ್ಟರ್ ಕೈಗೆ ಕೊಟ್ಟರು, ಇಲ್ಲಿ ಹುಡುಗ ಇಳಿಸಿಕೊಂಡ. ಬೆಲ್ಟು, ಫ್ಯಾನು ಬಿಚ್ಚಿ, ಹಳೆಯ ಗ್ಯಾಸ್ಕೆಟ್ಟನ್ನು ಕೆರೆದು, ರೇಡಿಯೇಟರಿಗೆ ಹಿಂದುಮುಂದಾಗಿ ನೀರು ಹಾಯಿಸಿ ಹಳದಿ ಕೆಸರು ಕಳೆದು ಪಂಪು ಕೂರಿಸಲು ಎರಡೂವರೆ ಗಂಟೆ ಹಿಡಿಯಿತು. ತುಂಬುವಾಗ ಹುಡುಗ ಮತ್ತೆ ಹಳ್ಳದ ನೀರು ತಂದ. ಸಾಬರು ತಡೆದರು. ಇದೇ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯ ನೀರೇ ಆದರೂ ಎಂಜಿನ್ನಿಗೆ ಬೇಕಾದದ್ದು ಬ್ಯಾಟರಿಗೆ ಹಾಕುವಂಥ ಶುದ್ಧ ನೀರು, ಅದರ ಅರ್ಧಕ್ಕೆ ಕೂಲೆಂಟ್. ಇಲ್ಲದಿದ್ದರೆ ತುಕ್ಕು ಹಿಡಿದು ಹೊಸ ಸೀಲನ್ನೂ ತಿನ್ನುತ್ತದೆ. ಬಸಿದ ಹಳೆಯ ನೀರನ್ನು ಡಬ್ಬಕ್ಕೆ ಹಿಡಿದು ಮುಚ್ಚಿಟ್ಟರು. ಕೂಲೆಂಟ್ ಸಿಹಿ, ಆದರೆ ವಿಷ. ನಾಯಿ, ದನ ನೆಕ್ಕಿದರೆ ಉಳಿಯುವುದು ಕಷ್ಟ. ಕೊನೆಗೆ ಮುಚ್ಚಳ ತೆರೆದಿಟ್ಟೇ ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ, ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಹೊರಬರುವವರೆಗೆ ಕಾದು, ಮತ್ತಷ್ಟು ತುಂಬಿ ಮುಚ್ಚಿದರು.

ಹದಿಮೂರು ಮೂಟೆ ಪಲ್ಪರ್ ಸೇರಿದಾಗ ರಾತ್ರಿ ಎಂಟು. ಎರಡು ಮೂಟೆಯ ಬಾಯಿ ಬಿಚ್ಚಿದಾಗ ಆಗಲೇ ಹುಳಿವಾಸನೆ. ಅವನ್ನು ಬೇರೆ ಇಟ್ಟರು, ಉಳಿದವು ಬಚಾವಾದವು.

ಭಾವ ಬೈಯಲಿಲ್ಲ. ವಾಪಸು ಬರುವಾಗ ಇಷ್ಟೇ ಹೇಳಿದರು: ‘ಪಂಪು ಸವೆಯೂದು ನಿನ್ನ ತಪ್ಪಲ್ಲ ಕಣೋ. ಹೇಳದೆ ಇದ್ದದ್ದು ತಪ್ಪು. ಅದಕ್ಕೂ ಸಂಬಳ ಹಿಡಿಯೂದಿಲ್ಲ.’

ಮರುದಿನ ಬೆಳಿಗ್ಗೆ ನಾನು ಎದ್ದು ಅಂಗಳಕ್ಕೆ ಬಂದಾಗ ಹುಡುಗ ಆಗಲೇ ಬಂದಿದ್ದ. ರಾತ್ರಿ ಗಾಡಿಯ ಕೆಳಗೆ ಹಾಸಿದ್ದ ರಟ್ಟನ್ನು ಎಳೆದು, ಮಂಜಿನ ಬೆಳಕಿಗೆ ಹಿಡಿದು ನೋಡುತ್ತಿದ್ದ. ಒಂದು ಹನಿಯೂ ಇರಲಿಲ್ಲ.