ಮಳಖೇಡದ ತೊಗರಿ ಕಟ್ಟಿಗೆ

ಮಳಖೇಡ ಎಂದೊಡನೆ ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗ, ಕಾಗಿಣಾ ದಂಡೆಯ ಕೋಟೆ ನೆನಪಾಗುತ್ತವೆ. ಚಳಿಗಾಲದಲ್ಲಿ ಹೋದವರು ಸುತ್ತಲಿನ ಹೊಲಗಳನ್ನೂ ನೋಡಬೇಕು. 2019ರಲ್ಲಿ ಭೌಗೋಳಿಕ ಸೂಚಿ ಪಡೆದ ಕಲಬುರಗಿ ತೊಗರಿ ಬೇಳೆ ಈ ಸೀಮೆಯದೇ.

ಎರೆಭೂಮಿಯಲ್ಲಿ ಮರಗಳು ವಿರಳ. ಹಾಗಾಗಿ ಒಲೆಗೂ ತೊಗರಿಯೇ ಗತಿ. ಮುಂಗಾರಿಗೆ ಬಿತ್ತಿದ್ದು ಡಿಸೆಂಬರ್, ಜನವರಿಯಲ್ಲಿ ಕೊಯ್ಲಿಗೆ ಬರುತ್ತದೆ. ಕಾಳು ಬಡಿದ ಮೇಲೆ ಉಳಿದ ಕಟ್ಟಿಗೆಯನ್ನು ಹೆಂಗಸರು ಹೊರೆ ಕಟ್ಟಿ, ತಲೆಗೆ ಸಿಂಬಿ ಇಟ್ಟು ಮನೆಗೆ ಹೊರುತ್ತಾರೆ. ಮಳೆಗಾಲಕ್ಕೂ ಇರಲಿ ಅಂತ ಹಿತ್ತಲಲ್ಲಿ ಒಟ್ಟುತ್ತಾರೆ.

ಈ ಕಟ್ಟಿಗೆ ಹೊತ್ತುವುದೂ ಬೇಗ, ಉರಿದು ಹೋಗುವುದೂ ಬೇಗ. ರೊಟ್ಟಿಯ ಹಂಚಿಗೆ ಒಳ್ಳೇ ಉರಿ ಸಿಗುತ್ತದೆ, ನಿಜ; ಆದರೆ ಒಂದು ಕೈ ಸದಾ ಒಲೆಯ ಬಾಯಲ್ಲೇ ಇರಬೇಕು. ಹೊಗೆಯಂತೂ ಕಣ್ಣಿಗೂ ಕೆಟ್ಟದ್ದು, ಎದೆಗೂ ಕೆಟ್ಟದ್ದು. 2016ರ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಗ್ಯಾಸ್ ಬಂತು. ಆದರೆ ಸಿಲಿಂಡರ್ ತುಂಬಿಸಲು ದುಡ್ಡು ಬೇಕು, ಕಟ್ಟಿಗೆಗೆ ರಟ್ಟೆ ಇದ್ದರೆ ಸಾಕು!

ಈಗ ತೊಗರಿ ಕೊಯ್ಲಿಗೂ ಯಂತ್ರ ಬಂದಿದೆ. ಅದು ಹಾದುಹೋದ ಹೊಲದಲ್ಲಿ ಕಟ್ಟಿಗೆ ಪುಡಿಪುಡಿ. ಹೊರೆ ಕಟ್ಟಲು ಏನೂ ಉಳಿಯುವುದಿಲ್ಲ. ತಲೆಯ ಭಾರ ಇಳಿಯಿತಲ್ಲ ಎಂದು ಸಂತೋಷಪಡೋಣವೇ? ಸ್ವಂತ ಹೊಲವಿಲ್ಲದ ಅಕ್ಕತಂಗಿಯರು ಒಲೆಗೆ ಏನು ಹಾಕಬೇಕು? ಕೊಯ್ಲಿಗೆ ಯಂತ್ರ ತಂದವರು ಅವರ ಸಿಲಿಂಡರಿಗೂ ಒಂದು ದಾರಿ ತೋರಿಸಲಿ.