ಗಾಲಿಯ ಮೇಲಿನ ಮನೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಎರೆಭೂಮಿಯಲ್ಲಿ, ಮಾನ್ವಿ ಸೀಮೆಯ ಬಾಗಲವಾಡ ಹಾಗೂ ಅದರ ಸುತ್ತಿನ ಹಳ್ಳಿಗಳಲ್ಲಿ, ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತೆಂದರೆ ಕಟ್ಟೆಯ ಮೇಲಿನ ಮಾತು ಶ್ರೀಶೈಲದ ಕಡೆಗೆ ಹೊರಳುತ್ತದೆ. ಯುಗಾದಿಗೆ ಮಲ್ಲಯ್ಯನ ದರ್ಶನವಾಗಬೇಕು. ಅಲ್ಲಿಯ ಭ್ರಮರಾಂಬೆ ಕನ್ನಡ ನಾಡಿನ ಮನೆಮಗಳು, ಮಲ್ಲಿಕಾರ್ಜುನ ಅಳಿಯ ಎಂಬುದು ಈ ಭಾಗದ ಭಕ್ತರ ನಂಬಿಕೆ. ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಸೀರೆ, ಕುಪ್ಪಸ, ಅರಿಸಿನ-ಕುಂಕುಮ, ಬಳೆ ಎಲ್ಲವೂ ಗಂಟಿನೊಳಗೆ ಸೇರುತ್ತವೆ. ಕಾಲಿನಲ್ಲಿ ಕಸುವು ಇದ್ದವರು ನಡೆದೇ ಹೋಗುತ್ತಾರೆ.

ತಕರಾರು ಬರುವುದು ಕಾಲಿನಲ್ಲಿ ಕಸುವು ಇಲ್ಲದವರ ವಿಷಯದಲ್ಲಿ. ಅನೇಕ ಮನೆಗಳ ಪಡಸಾಲೆಯಲ್ಲಿ ಈ ದಿನಗಳಲ್ಲಿ ಕೇಳಬರುವ ಮಾತು ಹೆಚ್ಚುಕಡಿಮೆ ಒಂದೇ.

“ಯವ್ವಾ, ಮೊಣಕಾಲು ಹಿಂಗ ಬಾತಾವ, ನೀ ಹೆಂಗ ಬರ್ತೀ? ಮನ್ಯಾಗ ಇರು, ಪ್ರಸಾದ ತರ್ತೀವಿ.”

“ಮಗಳ ಮನಿಗೆ ಹೋಗಾಕ ನಿನ್ನ ಕೇಳಬೇಕೇನೋ ತಮ್ಮಾ? ಬಂಡಿ ಕಟ್ಟು.”

ಆದರೆ ಕಟ್ಟಲು ಈಗ ಬಂಡಿ ಎಲ್ಲಿದೆ? ಹಿಂದಿನ ತಲೆಮಾರಿನ ಮುದುಕಿ ಹೀಗೆಂದಾಗ ಮಗ ನಿಜವಾಗಿಯೂ ಎತ್ತು ಹೂಡುತ್ತಿದ್ದ. ಬಿದಿರಿನ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಒಂದು ಮೊಳ ಹುಲ್ಲು ಹಾಸಿ, ಅದರ ಮೇಲೆ ಎರಡು ಕೌದಿ ಹಾಕಿದರೆ ಅದೇ ಮನೆ. ಕಮಾನಿಗೆ ನೀರಿನ ತತ್ರಾಣಿ, ಹಿಂದೆ ಒಲೆಗೆ ಕಟ್ಟಿಗೆ, ಕೆಳಗೆ ಕೀಲೆಣ್ಣೆಯ ಡಬ್ಬಿ ಜೋತಾಡುತ್ತಿದ್ದವು. ಬುತ್ತಿಗೆ ಸಜ್ಜಿಯ ಕಟಿರೊಟ್ಟಿ, ಶೇಂಗಾ ಹಿಂಡಿ. ಪಶ್ಚಿಮ ದೇಶಗಳಲ್ಲಿ ನಿವೃತ್ತರಾದ ದಂಪತಿಗಳು ಮನೆಯನ್ನೇ ಮೋಟಾರಿನ ಮೇಲೆ ಕೂಡಿಸಿಕೊಂಡು ತಿಂಗಳುಗಟ್ಟಲೆ ತಿರುಗುವುದನ್ನು ನೋಡಿ ನಮ್ಮ ಹುಡುಗರು ಬೆರಗಾಗುತ್ತಾರೆ. ಅವರ ಅಜ್ಜ-ಅಜ್ಜಿಯರು ಹಾಗೆ ತಿರುಗಿದವರೇ. ಮೋಟಾರಿನ ಬದಲು ಎರಡು ಎತ್ತು ಇದ್ದವು, ಅಷ್ಟೇ.

ಬಂಡಿಯ ವೇಗ ಗಂಟೆಗೆ ಮೂರು-ನಾಲ್ಕು ಕಿಲೋಮೀಟರ್. ಇದು ಅದರ ಕುಂದು ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ಮುದಿ ಬೆನ್ನಿಗೆ ಅದೇ ವರವಾಗಿತ್ತು. ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಮೀಟರಿಗೊಂದರಂತೆ ಕುಣಿಗಳಿರುವ ರಸ್ತೆಯಲ್ಲಿ ಗಂಟೆಗೆ 3.6 ಕಿ.ಮೀ. ಸಾಗುವ ಬಂಡಿ ಸೆಕೆಂಡಿಗೆ ಒಂದು ಮೀಟರ್ ಹೋಗುತ್ತದೆ, ಅಂದರೆ ಸೆಕೆಂಡಿಗೆ ಒಂದು ಕುಲುಕು. ಅದೇ ರಸ್ತೆಯಲ್ಲಿ ಗಂಟೆಗೆ 18 ಕಿ.ಮೀ. ಹೋಗುವ ಟ್ರ್ಯಾಕ್ಟರ್ ಸೆಕೆಂಡಿಗೆ ಐದು ಮೀಟರ್ ಸಾಗಿ ಐದು ಕುಲುಕು ಕೊಡುತ್ತದೆ. ಪ್ರತಿಯೊಂದು ವಸ್ತುವಿಗೂ ತನ್ನದೇ ಸಹಜ ಕಂಪನ ಇರುತ್ತದೆ, ಹೊರಗಿನ ಕಂಪನ ಅದಕ್ಕೆ ತಾಳೆಯಾದರೆ ಅಲುಗಾಟ ಹಲವು ಪಟ್ಟು ಹೆಚ್ಚುತ್ತದೆ ಎಂಬುದು ಅನುರಣನೆಯ ಪಾಠ. ಕುಳಿತ ಮನುಷ್ಯನ ಬೆನ್ನುಮೂಳೆ ಮತ್ತು ಹೊಟ್ಟೆಯ ಭಾಗಕ್ಕೆ ಆ ಸಂಖ್ಯೆ ಸೆಕೆಂಡಿಗೆ ಸುಮಾರು ನಾಲ್ಕರಿಂದ ಎಂಟು! ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ಹತ್ತು ಮೈಲಿ ಹೋದ ಮುದುಕ ಎರಡು ದಿನ ಏಳಲಾರದೆ ಮಲಗುವುದಕ್ಕೆ ಇದೇ ಕಾರಣ. ಬಂಡಿಯ ಗಾಲಿ ಆಳೆತ್ತರಕ್ಕೆ ಸಮೀಪವಾಗಿದ್ದುದರಿಂದ ಚಿಕ್ಕ ತಗ್ಗುಗಳ ಮೇಲೆ ಹಾಯ್ದು ಹೋಗುತ್ತಿತ್ತು ಎಂಬುದೂ ಸೇರಿಸಬೇಕಾದ ಮಾತು.

ಬಂಡಿಯ ಇನ್ನೊಂದು ಗುಣ ಹೇಳಲು ಸಂಕೋಚ, ಆದರೆ ಹೇಳದೆ ವಿಷಯ ಪೂರ್ಣವಾಗದು. “ತಡೀರಿ” ಎಂದ ಕೂಡಲೇ ಅದು ನಿಲ್ಲುತ್ತಿತ್ತು. ಹಳ್ಳದ ದಂಡೆ, ಜಾಲಿಯ ಮರೆ, ಒಂದು ತಂಬಿಗೆ ನೀರು ಸಾಕಾಗುತ್ತಿತ್ತು. ಇಂದಿನ ಬಸ್ಸು ಹಾಗೆ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಉಚಿತವಾಗಿದೆ. ರಾಜ್ಯದ ಗಡಿಯೊಳಗೆ ಎಷ್ಟೋ ಅಜ್ಜಿಯರು ಅದರಿಂದ ಜಾತ್ರೆ ಕಂಡರು. ಆದರೆ ಟಿಕೆಟ್ ಉಚಿತವಾದರೂ ಮೆಟ್ಟಿಲು ಗಿಡ್ಡವಾಗುವುದಿಲ್ಲ. ಹೀಗಾಗಿ ವಯಸ್ಸಾದವರು ಪ್ರಯಾಣದ ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಮನೆಯವರಿಗೆ ಇದು ಗೊತ್ತೇ ಆಗುವುದಿಲ್ಲ. ಮುಪ್ಪಿನಲ್ಲಿ ಬಾಯಾರಿಕೆಯ ಅರಿವು ತಾನಾಗಿಯೇ ಮಂದವಾಗುತ್ತದೆ, ಬೆವರುವ ಶಕ್ತಿಯೂ ಕುಗ್ಗುತ್ತದೆ. ರಾಯಚೂರು ಸೀಮೆಯ ಚೈತ್ರದ ಬಿಸಿಲು 40 ಡಿಗ್ರಿ ಮುಟ್ಟುವುದು ಹೊಸದಲ್ಲ. ಆ ಬಿಸಿಲಿನಲ್ಲಿ ಹೀಗೆ ನೀರು ಬಿಟ್ಟವರಿಗೆ ತಲೆಸುತ್ತು, ಮೂತ್ರದ ಉರಿ, ಕೆಲವೊಮ್ಮೆ ಮಾತು ತೊದಲುವಷ್ಟು ಗಲಿಬಿಲಿ ಬರುತ್ತದೆ. “ಅಜ್ಜಗ ಅರಳುಮರಳು” ಎಂದು ನಗುವ ಮೊದಲು ಅವರು ಬೆಳಗಿನಿಂದ ಎಷ್ಟು ನೀರು ಕುಡಿದಿದ್ದಾರೆ ಎಂದು ಕೇಳುವುದು ಒಳ್ಳೆಯದು.

ಬಂಡಿ ಹೋಗಿ ಆ ಜಾಗಕ್ಕೆ ಬಂದದ್ದು ಟ್ರ್ಯಾಕ್ಟರ್. ಟ್ರೇಲರಿನ ಮೇಲೆ ತಾಡಪತ್ರಿ ಕಟ್ಟಿ, ಅಕ್ಕಿ ಮೂಟೆ, ಗ್ಯಾಸ್ ಒಲೆ, ನೀರಿನ ಡ್ರಮ್ಮು ಇಟ್ಟು ಹೊರಡುತ್ತಾರೆ. ನೋಡಲು ಹಳೆಯ ಬಂಡಿಯ ಹಿರಿಯಣ್ಣನಂತೆಯೇ ಇರುತ್ತದೆ. ಆದರೆ ಅದಕ್ಕೆ ಸ್ಪ್ರಿಂಗ್ ಇಲ್ಲ, ಹಿಡಿಯಲು ಹಿಡಿಕೆ ಇಲ್ಲ, ತಿರುವಿನಲ್ಲಿ ಪಲ್ಟಿಯಾದರೆ ರಕ್ಷಣೆ ಇಲ್ಲ. ಕೃಷಿ ಟ್ರೇಲರಿನಲ್ಲಿ ಜನರನ್ನು ಒಯ್ಯುವುದಕ್ಕೆ ಕಾನೂನೂ ಒಪ್ಪುವುದಿಲ್ಲ. ಸಾಮಾನು ಹೋಗಲಿ, ಅಜ್ಜಿ ಹೋಗಬಾರದು.

ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸದ ಯೋಜನೆಯನ್ನು ಸಾರಿತು. ಹಾಸಿಗೆ, ಅಡುಗೆ ಕಟ್ಟೆ, ಶೌಚಾಲಯ ಎಲ್ಲವೂ ಇರುವ ಅಂಥ ವಾಹನವನ್ನು ಮಾನ್ವಿ ಸೀಮೆಯ ಒಕ್ಕಲಿಗ ಬಾಡಿಗೆಗೆ ತರುವುದು ಸದ್ಯಕ್ಕೆ ಆಗದ ಮಾತು. ಆದರೆ ಎರಡು-ಮೂರು ಮನೆಯವರು ಕೂಡಿ ಒಂದು ಟೆಂಪೋ ಗೊತ್ತುಮಾಡಿದರೆ, ಹಳೆಯ ಬಂಡಿಯ ಸೌಕರ್ಯಗಳಲ್ಲಿ ಬಹುಪಾಲನ್ನು ಅದರೊಳಗೆ ತರಬಹುದು. ಹಿಂದಿನ ಚಕ್ರದ ಆಚೆಗಿರುವ ಕೊನೆಯ ಸೀಟು ಸನ್ನೆಗೋಲಿನ ತುದಿಯಂತೆ ಹೆಚ್ಚು ಎತ್ತಿಹಾಕುತ್ತದೆ. ಮೊಣಕಾಲು, ಸೊಂಟ ನೋವಿರುವವರನ್ನು ಎರಡು ಅಚ್ಚುಗಳ ನಡುವೆ ಕೂಡಿಸಬೇಕು. ಕೌದಿ ಇಂದಿಗೂ ಬೇಕು, ಸೊಂಟದ ಹಿಂದೆ ಸುತ್ತಿ ಇಡಲು ಅದಕ್ಕಿಂತ ಒಳ್ಳೆಯ ದಿಂಬು ಇಲ್ಲ.

ಹತ್ತುವುದು ದೊಡ್ಡ ಕಷ್ಟ. ಗಾಲಿಕುರ್ಚಿಗೆ ಇಳಿಜಾರು ಹಾಕಬೇಕೆಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೆಂಬುದು ನಿಯಮ. ಮೊದಲ ಮೆಟ್ಟಿಲು ಒಂದೂವರೆ ಅಡಿ ಎತ್ತರವಿದ್ದರೆ ಹದಿನೆಂಟು ಅಡಿಯ ಹಲಗೆಯನ್ನು ಹೊತ್ತು ತಿರುಗುವವರು ಯಾರು? ಊರಿನ ಬಡಿಗೇರರಿಂದ ಮುಕ್ಕಾಲು ಅಡಿ ಎತ್ತರದ, ಅಗಲ ಕಾಲಿನ ಒಂದು ಗಟ್ಟಿ ಮಣೆ ಮಾಡಿಸಿಕೊಂಡರೆ ಆ ಮೆಟ್ಟಿಲು ಎರಡಾಗುತ್ತದೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ರಟ್ಟೆ ಹಿಡಿದು ಮೇಲಕ್ಕೆ ಎಳೆಯುವ ಮೊಮ್ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿರಬೇಕು, ಎಳೆದರೆ ಭುಜ ಉಳುಕುತ್ತದೆ.

ಮಡಚುವ ಕಮೋಡ್ ಕುರ್ಚಿ ಈಗ ಪಟ್ಟಣದ ವೈದ್ಯಕೀಯ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಅದೊಂದು, ಎರಡು ಹಳೆಯ ಸೀರೆಯ ಮರೆ, ಒಂದು ಕೊಡ ನೀರು ಇದ್ದರೆ ಅಜ್ಜಿ ಹೆದರದೆ ನೀರು ಕುಡಿಯುತ್ತಾಳೆ. ಒಂದೂವರೆ-ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಬೇಕು. ಹೆಚ್ಚು ಹೊತ್ತು ಕಾಲು ಇಳಿಬಿಟ್ಟು ಕುಳಿತರೆ ಮೀನಖಂಡದ ರಕ್ತನಾಳಗಳಲ್ಲಿ ರಕ್ತ ನಿಧಾನವಾಗಿ, ಹೆಪ್ಪುಗಟ್ಟುವ ಅಪಾಯವಿದೆ. ಇಳಿಯಲು ಆಗದವರು ಕುಳಿತಲ್ಲೇ ಪಾದವನ್ನು ಮೇಲೆ-ಕೆಳಗೆ ಆಡಿಸುತ್ತಿರಬೇಕು.

ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಗಾಡಿಯ ಬಿಸಿಲಿಗೆ ಕೆಡುತ್ತದೆ. ಇಲ್ಲಿಯೂ ಹಳೆಯ ತತ್ರಾಣಿಯ ತತ್ವವೇ ಕೈಹಿಡಿಯುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖವನ್ನು ಸುತ್ತಿನಿಂದ ಹೀರುತ್ತದೆ. ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸಣ್ಣ ಮಣ್ಣಿನ ಕುಡಿಕೆಯಲ್ಲಿಟ್ಟು, ಹೊರಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಇಟ್ಟರೆ ಸಾಕು. ಕರಾವಳಿಯ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟು ಫಲಿಸದು, ರಾಯಚೂರಿನ ಒಣ ಬಿಸಿಲಿಗೆ ಹೇಳಿ ಮಾಡಿಸಿದ್ದು. ಮಂಜುಗಡ್ಡೆಗೆ ನೇರವಾಗಿ ತಾಗಿಸಿದರೆ ಮಾತ್ರ ಔಷಧಿ ಹಾಳು.

ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿಗೆ ಒಮ್ಮೆಲೇ ಹೊರಡುವ ಬದಲು, ಮುಂಚೆ ಒಂದು ಸಣ್ಣ ಪ್ರಯಾಣ ಮಾಡಿ ನೋಡುವುದು ಲೇಸು. ಜಗನ್ನಾಥದಾಸರ ಮಾನ್ವಿ ಇದೆ. ದೇವದುರ್ಗದ ದಾರಿ ಹಿಡಿದು ಸೇತುವೆ ದಾಟಿದರೆ ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರ ಇದ್ದಾನೆ. ಯಾರಿಗೆ ಎಲ್ಲಿ ನೋವು, ಎಷ್ಟು ಹೊತ್ತಿಗೆ ದಣಿವು ಎಂಬುದು ಆ ಒಂದು ದಿನದಲ್ಲೇ ತಿಳಿಯುತ್ತದೆ.

ಶ್ರೀಶೈಲದ ದಾರಿ ಕರ್ನೂಲು, ಆತ್ಮಕೂರುಗಳ ಮೇಲೆ ಹೋಗುತ್ತದೆ. ನಡೆಯುವವರು ಆತ್ಮಕೂರಿನ ಆಚೆ ವೆಂಕಟಾಪುರದಿಂದ ನಾಗಲೂಟಿ, ಪೆಚ್ಚೆರುವು, ಭೀಮುನಿಕೊಲನು ಹಾಯ್ದು ಕೈಲಾಸದ್ವಾರಕ್ಕೆ ಏರುತ್ತಾರೆ. ಹಿಂದೆ ಬಂಡಿಯಲ್ಲಿ ಬಂದ ಅಜ್ಜಿಯೂ ಈ ಕಾಡಿನ ಏರಿಗೆ ಇಳಿಯಲೇಬೇಕಿತ್ತು, ಡೋಲಿಯೋ ಮಗನ ಬೆನ್ನೋ ಆಸರೆ. ವಾಹನಗಳು ಮಾತ್ರ ದೋರ್ನಾಲದ ಘಟ್ಟ ಸುತ್ತಿ ಮೇಲೇರುತ್ತವೆ. ಅದು ನಾಗಾರ್ಜುನಸಾಗರ-ಶ್ರೀಶೈಲಂ ಹುಲಿ ರಕ್ಷಿತಾರಣ್ಯ, ವಿಸ್ತಾರದಲ್ಲಿ ದೇಶಕ್ಕೇ ದೊಡ್ಡದು. ರಾತ್ರಿ ಹೊತ್ತು ರಸ್ತೆಯಲ್ಲಿ ವಾಹನ ಬಿಡುವುದಿಲ್ಲ. ಗೇಟಿನ ಮುಂದೆ ಸಿಕ್ಕಿಬಿದ್ದರೆ ಮುದುಕರು ಬೆಳಗಿನವರೆಗೆ ಸೀಟಿನಲ್ಲೇ ಕುಳಿತಿರಬೇಕಾಗುತ್ತದೆ. ಆದ್ದರಿಂದ ಬಲ್ಲವರು ಒಂದೇ ದಿನಕ್ಕೆ ಮುಗಿಸುವ ಹಟ ಹಿಡಿಯುವುದಿಲ್ಲ. ನಸುಕಿನ ನಾಲ್ಕಕ್ಕೆ ಊರು ಬಿಟ್ಟು, ಬಿಸಿಲೇರುವ ಮುನ್ನ ಮಂತ್ರಾಲಯದಲ್ಲಿ ತುಂಗಭದ್ರೆಯ ನೀರು ಮುಟ್ಟಿ, ಸಂಜೆಗೆ ಕರ್ನೂಲಿನಲ್ಲಿ ತಂಗುತ್ತಾರೆ. ಮರುದಿನ ಮುಂಜಾನೆ ತಿರುವುಗಳಿಗೆ ಹೊಟ್ಟೆ ತೊಳಸದಂತೆ ಒಂದು ರೊಟ್ಟಿ, ಮಜ್ಜಿಗೆಯಷ್ಟೇ ಕೊಟ್ಟು ಘಟ್ಟ ಹತ್ತಿಸುತ್ತಾರೆ. ಮೇಲೆ ಪಾತಾಳಗಂಗೆಗೆ ನೂರಾರು ಮೆಟ್ಟಿಲುಗಳಿವೆ, ರೋಪ್‌ವೇಯನ್ನೂ ಹಾಕಿದ್ದಾರೆ. ಅದಕ್ಕೂ ಹತ್ತಲಾರದ ಅಜ್ಜಿಗೆ ಮೊಮ್ಮಗಳು ತಂಬಿಗೆಯಲ್ಲಿ ನೀರು ತಂದು ತಲೆಗೆ ಹನಿಸಿದರೂ ನಡೆಯುತ್ತದೆ. ಮಗಳಿಗೆ ಕೊಡಬೇಕಾದ ಸೀರೆಯ ಗಂಟನ್ನು ಮಾತ್ರ ಆಕೆ ಬೇರೆಯವರ ಕೈಗೆ ಕೊಡುವುದಿಲ್ಲ.