ಗಾಜಿನ ಮೇಲಿನ ನೀರು

ಚಳ್ಳಕೆರೆ ಸೀಮೆಯಲ್ಲಿ ಕಾರಿನ ವೈಪರ್‌ಗೆ ಕೆಲಸ ಕಡಿಮೆ. ಮುಂಗಾರಿನ ಮೋಡಗಳು ಮಲೆನಾಡಿನಲ್ಲೇ ಹೊರೆ ಇಳಿಸಿ, ನಮ್ಮ ಬಯಲಿನ ಮೇಲೆ ಹಗುರಾಗಿ ಹಾದುಹೋಗುತ್ತವೆ. ವರ್ಷವಿಡೀ ಸೇರಿದರೂ ಮಳೆ 500 ಮಿಲಿಮೀಟರಿನ ಆಚೀಚೆ. ಇಲ್ಲಿ ನಿಜವಾಗಿ ದುಡಿಯಬೇಕಾದದ್ದು ವೈಪರ್‌ನ ಪಕ್ಕದಲ್ಲಿ ಕೂತಿರುವ ಆ ಪುಟ್ಟ ಜೆಟ್, ಗುಂಡಿ ಒತ್ತಿದರೆ ಗಾಜಿಗೆ ನೀರು ಚಿಮ್ಮಿಸುವ ವಾಷರ್. ಕರಾವಳಿಯವರು ಅದಕ್ಕೆ ನೀರು ತುಂಬಿಸುವುದನ್ನೇ ಮರೆತರೂ ನಡೆದೀತು. ಶೇಂಗಾ ಕೀಳುವ ದಿನಗಳಲ್ಲಿ ಹೊಲದಿಂದ ಹೊಲಕ್ಕೆ ಕೆಂಧೂಳು ಏಳುವ ನಮ್ಮ ದಾರಿಗಳಲ್ಲಿ ನಡೆಯುವುದಿಲ್ಲ.

ಧೂಳು ಎಂದರೆ ಬರೀ ಮಣ್ಣಲ್ಲ, ಅದರಲ್ಲಿ ಗಾಜಿಗಿಂತ ಗಟ್ಟಿಯಾದ ಬೆಣಚುಕಲ್ಲಿನ ಕಣಗಳಿರುತ್ತವೆ. ಒಣಗಾಜಿನ ಮೇಲೆ ವೈಪರ್ ಆಡಿಸಿದರೆ ರಬ್ಬರು ಆ ಕಣಗಳನ್ನೇ ಎಳೆದು ಉಜ್ಜುತ್ತದೆ. ನಡುಹಗಲಲ್ಲಿ ಆ ಗೀರು ಕಾಣುವುದಿಲ್ಲ. ಸಂಜೆ ಐದೂವರೆಗೆ ಚಳ್ಳಕೆರೆಯಿಂದ ಚಿತ್ರದುರ್ಗದ ಕಡೆ ಹೊರಟು ನೋಡಿ, ಸೂರ್ಯ ನೇರ ಎದುರಿಗೆ ಇಳಿಯುತ್ತಿರುತ್ತಾನೆ, ಗಾಜಿನ ಒಂದೊಂದು ಗೀರೂ ಹೊತ್ತಿಕೊಳ್ಳುತ್ತದೆ. ಎದುರಿನಿಂದ ಬರುವ ಬೈಕಿನವನು ಕಾಣುವುದೇ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ವೈಪರ್‌ಗೆಂದೇ ಒಂದು ನಿಯಮವಿದೆ, 101ನೆಯದು. ನನ್ನನ್ನು ಕೇಳಿದರೆ, ಬಯಲುಸೀಮೆಯಲ್ಲಿ ನೀರಿಲ್ಲದ ವೈಪರ್ ಇದ್ದೂ ಇಲ್ಲದ ಹಾಗೆ.

ನಮ್ಮದು ಹಳೆಯ ಸ್ಯಾನ್ ಸ್ಟಾರ್ಮ್. ಎರಡೇ ಸೀಟು, ಬಿಚ್ಚಿ ಮಡಿಸುವ ಮುಚ್ಚಿಗೆ, ಫೈಬರಿನ ಮೈ, ಒಳಗೆ ರೆನೋ ಎಂಜಿನ್. ತೊಂಬತ್ತರ ದಶಕದ ಕೊನೆಯಲ್ಲಿ ಅದನ್ನು ತಂದವರು ಬೆಂಗಳೂರಿನ ಸ್ಯಾನ್ ಬಳಗದವರು. ವೈಟ್‌ಫೀಲ್ಡ್ ರಸ್ತೆಯಲ್ಲಿ ರೈಲಿನ ಸಣ್ಣ ಡೀಸೆಲ್ ಎಂಜಿನ್‌ಗಳನ್ನು ಕಟ್ಟುತ್ತಿದ್ದ ಮಂದಿಗೆ ಸ್ಪೋರ್ಟ್ಸ್ ಕಾರಿನ ಆಸೆ ಹುಟ್ಟಿತಲ್ಲ, ಅದನ್ನು ನೆನೆದರೆ ಇವತ್ತಿಗೂ ನನಗೆ ಹೆಮ್ಮೆ. ರಸ್ತೆಯಲ್ಲಿ ಅಪರೂಪಕ್ಕೂ ಕಾಣಸಿಗದ ಕಾರು ಅದು, ಇರುವ ಒಂದೊಂದನ್ನೂ ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕೆಂಬುದು ನನ್ನ ಹಟ. ಇಂಥ ಕಾರು ನೆಲಕ್ಕೆ ಅಂಟಿದಂತೆ ಓಡುತ್ತದೆ. ಮುಂದಿನ ಲಾರಿಯ ಟೈರು ಎಬ್ಬಿಸಿದ್ದೆಲ್ಲ ನೇರ ನಮ್ಮ ಗಾಜಿಗೇ ಬರುತ್ತದೆ.

ವಯಸ್ಸಾದ ಕಾರಿನಲ್ಲಿ ವಾಷರ್ ಕೆಟ್ಟರೆ ಮೊದಲು ಕಿವಿಗೊಡಬೇಕು. ಗುಂಡಿ ಒತ್ತಿದಾಗ ಗುಂಯ್ ಎಂಬ ಸದ್ದು ಬಂದೂ ನೀರು ಬರದಿದ್ದರೆ ಪೈಪು ಬಿರಿದಿದೆ, ಇಲ್ಲವೇ ಜೆಟ್ ಕಟ್ಟಿದೆ. ಸದ್ದೇ ಇಲ್ಲದಿದ್ದರೆ ದೋಷ ಕರೆಂಟಿನದು. ನಮ್ಮದರಲ್ಲಿ ಸದ್ದಿರಲಿಲ್ಲ. ಫ್ಯೂಸ್ ಸರಿಯಿತ್ತು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಮಗ್ಗುಲಲ್ಲಿ ಬ್ಯಾಟರಿ, ಡೈನಮೊ, ಹಾರನ್ ರಿಪೇರಿ ಮಾಡುವ ಅಂಗಡಿಯವನು ಬಾನೆಟ್ ಎತ್ತಿದ. ಬಾಟಲಿಯ ಬುಡದಲ್ಲಿ ರಬ್ಬರಿನ ಬುಷ್‌ಗೆ ಸಿಕ್ಕಿಸಿದ್ದ ಹೆಬ್ಬೆರಳ ಗಾತ್ರದ ಮೋಟಾರನ್ನು ಹೊರಗೆಳೆದು, ಬ್ಯಾಟರಿಯಿಂದ ಎರಡು ವೈರು ನೇರ ತಾಗಿಸಿದ. ಅದು ತಿರುಗಿತು.

“ಮೋಟ್ರು ಚೆನ್ನಾಗೈತೆ ಸಾರ್. ಅರ್ಥ್ ಸಿಗ್ತಿಲ್ಲ. ಇದ್ರ ಮೈಯಾಗೆ ಕಬ್ಬಿಣನೇ ಇಲ್ವಲ್ಲ!”

ಎಂಥ ಮಾತು ಅದು! ತಗಡಿನ ಕಾರಿನಲ್ಲಿ ಬ್ಯಾಟರಿಯಿಂದ ಹೋದ ಕರೆಂಟು ವಾಪಸು ಬರಲು ಬೇರೆ ವೈರು ಬೇಕಿಲ್ಲ, ಕಾರಿನ ಮೈಯೇ ದಾರಿ. ಹತ್ತಿರದ ತಗಡಿಗೆ ಒಂದು ತುದಿ ಬಿಗಿದರೆ ಮುಗಿಯಿತು. ಫೈಬರಿನಲ್ಲಿ ಕರೆಂಟು ಹರಿಯದು. ಪ್ರತಿಯೊಂದು ದೀಪಕ್ಕೂ ಮೋಟಾರಿಗೂ ಕೆಳಗಿನ ಚಾಸಿಯವರೆಗೆ ಪ್ರತ್ಯೇಕ ಅರ್ಥ್ ವೈರು ಎಳೆದಿರುತ್ತಾರೆ. ಇಪ್ಪತ್ತು ವರ್ಷ ದಾಟಿದ ಮೇಲೆ ಆ ಬೋಲ್ಟಿನ ತಳದಲ್ಲಿ ಹಸಿರು ಕಿಲುಬು ಕೂರುತ್ತದೆ. ಅವನು ಬೋಲ್ಟು ಬಿಚ್ಚಿ, ಚಾಸಿಯ ಕಬ್ಬಿಣ ಹೊಳೆಯುವ ತನಕ ಎಮರಿ ಪೇಪರಿನಿಂದ ಉಜ್ಜಿ, ಹೊಸ ವೈರು ಹಾಕಿ, ಮೇಲೆ ಗ್ರೀಸು ಸವರಿದ. ಈ ಕಾರಿನ ಕೈಪಿಡಿಯನ್ನಾಗಲಿ ನಕ್ಷೆಯನ್ನಾಗಲಿ ಅವನು ಕಂಡವನಲ್ಲ. ಕರೆಂಟು ಎಲ್ಲಿಂದ ಬಂದು ಎಲ್ಲಿಗೆ ಮರಳಬೇಕು ಎಂಬುದೊಂದನ್ನು ಬಲ್ಲವನು, ಅಷ್ಟೇ ಸಾಕಾಯಿತು.

ಮೋಟಾರು ತಿರುಗಿದರೂ ಗಾಜಿಗೆ ಬಂದದ್ದು ಒಂದೆರಡು ಹನಿ. ಜೆಟ್ ಬಿಚ್ಚಿದರೆ ಬಾಯಿ ಬಿಳಿಯ ಪೊರೆಯಿಂದ ಮುಚ್ಚಿಹೋಗಿತ್ತು. ಇದನ್ನು ಈ ಭಾಗದ ಯಾರಿಗೂ ವಿವರಿಸಬೇಕಿಲ್ಲ. ಸ್ನಾನದ ಹಂಡೆಯ ಒಳಮೈಯಲ್ಲಿ, ಟೀ ಕಾಯಿಸುವ ಪಾತ್ರೆಯಲ್ಲಿ, ಗೀಸರಿನ ಕಾಯಿಲ್ಲಿನ ಮೇಲೆ ದಿನವೂ ನೋಡುವ ಸುಣ್ಣವೇ ಅದು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಇವತ್ತಿಗೂ ಕೆರೆ ಕಟ್ಟಿಸಿದ ಪುಣ್ಯಾತ್ಮನೆಂದೇ ನೆನೆಯುತ್ತಾರೆ. ಕೆರೆಯಲ್ಲಿ ನಿಲ್ಲುವುದು ಮಳೆಯ ನೀರು, ಮೆದು ನೀರು. ಕೆರೆಗಳು ಬತ್ತಿ ನಾವು ನೂರಾರು ಅಡಿ ಆಳದ ಬೋರ್‌ವೆಲ್‌ಗೆ ಇಳಿದೆವು. ಬಂಡೆಯ ಸಂದಿಯಲ್ಲಿ ಎಷ್ಟೋ ಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಜೊತೆಗೆ ಫ್ಲೋರೈಡೂ ಇದೆ. ಅದು ಹಲ್ಲಿಗೂ ಮೂಳೆಗೂ ಮಾಡಿದ ಹಾನಿಯ ಮುಂದೆ ಕಾರಿನ ಜೆಟ್ ಕಟ್ಟಿಕೊಂಡದ್ದು ಏನೇನೂ ಅಲ್ಲ. ಆದರೂ ಎರಡೂ ಒಂದೇ ನೀರಿನ ಕಥೆ. ಎಂಜಿನ್ನಿನ ಬಿಸಿಗೆ ಜೆಟ್ಟಿನ ತುದಿಯಲ್ಲಿ ಉಳಿದ ಹನಿ ಆರುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ, ಮರುದಿನ ಅದರ ಮೇಲೆ ಇನ್ನೊಂದು ಪದರ. ಗಾಜು ಹೊಳೆಯಲೆಂದು ಬಾಟಲಿಗೆ ಬಟ್ಟೆಸೋಪಿನ ನೀರು ಹಾಕುವವರಿದ್ದಾರೆ. ಗಡಸು ನೀರಿನಲ್ಲಿ ಸೋಪು ನೊರೆಯಾಗದೆ ಮೊಸರಿನ ಹಾಗೆ ಒಡೆದು ಪೈಪಿನೊಳಗೆ ಜಿಡ್ಡು ಕಟ್ಟುತ್ತದೆ.

ಮೊಳಕಾಲ್ಮೂರಿನ ರೇಷ್ಮೆ ಕೆಲಸದವರಿಗೆ ಈ ನೀರಿನ ಗುಣ ಗೊತ್ತು. ಸೀರೆ ಮಗ್ಗಕ್ಕೆ ಬರುವ ಮೊದಲು ಕಚ್ಚಾ ರೇಷ್ಮೆಯನ್ನು ಸೋಪಿನ ನೀರಿನಲ್ಲಿ ಕುದಿಸಿ ಅದರ ಗೋಂದು ಬಿಡಿಸಬೇಕು. ನೀರು ಗಡಸಾದರೆ ಸೋಪು ಎಳೆಗೇ ಅಂಟಿ ಹೊಳಪು ಮಂಕಾಗುತ್ತದೆ, ಬಣ್ಣವೂ ಸಮನಾಗಿ ಹಿಡಿಯುವುದಿಲ್ಲ. ಆ ಸೀರೆಯ ನಾಜೂಕು ಅಂಚನ್ನು ಹೊಗಳುವಾಗ ನನಗೆ ಈಗೀಗ ಬಣ್ಣದ ಬಾನಿಯ ನೀರೂ ನೆನಪಾಗುತ್ತದೆ.

ಸುಣ್ಣಕ್ಕೆ ಮದ್ದು ಹುಳಿ. ಜೆಟ್ಟುಗಳನ್ನು ಹುಣಸೆಹಣ್ಣಿನ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದೆವು. ಬೆಳಗ್ಗೆ ಅಂಗಡಿಯವನು ಹಳೆಯ ಕ್ಲಚ್ ಕೇಬಲ್ಲಿನಿಂದ ಒಂದು ಎಳೆ ಬಿಡಿಸಿ, ಬೈಕಿನ ಕಾರ್ಬುರೇಟರು ಬಿಡಿಸುವಷ್ಟೇ ಹುಷಾರಾಗಿ ತೂತಿನೊಳಗೆ ಆಡಿಸಿದ. ದಪ್ಪ ತಂತಿ ತುರುಕಿದರೆ ತೂತು ಹಿಗ್ಗಿ ನೀರಿನ ಒತ್ತಡವೇ ಹೋಗುತ್ತದೆ. ಬಿಸಿಲಿಗೆ ಸೆಟೆದು ಬಿರಿದಿದ್ದ ಪೈಪನ್ನು ಪೂರಾ ಬದಲಿಸಿದೆವು.

ಗಾಜು ಒರೆಸುವ ಚಿಂತೆ ಕಾರಿನಷ್ಟೇ ಹಳೆಯದು. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್, ನ್ಯೂಯಾರ್ಕಿನ ಟ್ರಾಮಿನ ಚಾಲಕ ಹಿಮಮಳೆಯಲ್ಲಿ ಕಿಟಕಿ ತೆಗೆದು ಪಾಡುಪಡುವುದನ್ನು ಕಂಡು ವೈಪರ್ ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದಳು. ಹಳೆಯ ಎಂಜಿ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತೊತ್ತಿ ನೀರು ಹೊಡೆಯಬೇಕಿತ್ತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಫೋಕ್ಸ್‌ವ್ಯಾಗನ್ ಬೀಟಲ್‌ನ ಉಪಾಯ. ಅದರಲ್ಲಿ ಮೋಟಾರೇ ಇಲ್ಲ, ಸ್ಟೆಪ್ನಿ ಟೈರಿನ ಗಾಳಿಯೇ ನೀರನ್ನು ತಳ್ಳುತ್ತದೆ. ಸ್ಟೆಪ್ನಿ ಪೂರ್ತಿ ಇಳಿದುಹೋಗದಂತೆ ತಡೆಯಲು ಒಂದು ಕವಾಟ. ಸುಮ್ಮನೆ ಕೂತ ಟೈರಿಗೂ ಕೆಲಸ ಕೊಟ್ಟ ಆ ಬುದ್ಧಿಗೆ ಕೈಮುಗಿಯಬೇಕು.

ರಿಪೇರಿ ಪರೀಕ್ಷಿಸಲು ತಳುಕು, ಹಾನಗಲ್ ದಾರಿಯಾಗಿ ಮೊಳಕಾಲ್ಮೂರು ದಾಟಿ ಅಶೋಕ ಸಿದ್ದಾಪುರದವರೆಗೆ ಹೋದೆವು. 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನಗಳಿರುವುದು ಈ ಬಂಡೆಗಳ ನಡುವೆ. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರು ಹಾಕಿದ್ದಾನೆ, ಅದರಲ್ಲೊಂದು ಪದವನ್ನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಚಕ್ರವರ್ತಿಯ ಆಜ್ಞೆಯ ಅಡಿಯಲ್ಲಿ ಕೆಲಸಗಾರನ ಸಹಿ! ಅದರ ಮುಂದೆ ನಿಂತಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅರ್ಥ್ ವೈರಿನ ಬೋಲ್ಟಿನ ಹತ್ತಿರ ನಮ್ಮ ಅಂಗಡಿಯವನೂ ಹೆಸರು ಬರೆಯಬಹುದಿತ್ತು ಅನ್ನಿಸಿತು.

ಬಾಟಲಿಗೆ ಈಗ ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಹಾಕುತ್ತೇವೆ, ಸೋಪು ಹಾಕುವುದಿಲ್ಲ. ಜೆಟ್ಟಿನ ಗುರಿ ಹೊಂದಿಸುವುದು ಮಾತ್ರ ಬಿಡುವಿನ ಕೆಲಸ. ನಿಂತ ಕಾರಿನಲ್ಲಿ ನೀರು ಗಾಜಿನ ಮೇಲ್ಭಾಗಕ್ಕೆ ಬೀಳಬೇಕು, ಓಟದಲ್ಲಿ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ. ಮುಚ್ಚಿಗೆ ತೆರೆದ ಕಾರಿನಲ್ಲಿ ಗುರಿ ತುಸು ಮೇಲಾದರೂ ನೀರು ಗಾಜನ್ನು ಹಾರಿ ಒಳಗೆ ಕೂತವರ ಮೇಲೆ ಬರುತ್ತದೆ. ಬಲಗಡೆಯದು ಸರಿಯಾಗಿದೆ. ಎಡಗಡೆಯದು ಒಂದು ಕೂದಲೆಳೆಯಷ್ಟು ಕೆಳಗಿಳಿಯಬೇಕು. ಜೆಟ್ ತಿರುಗಿಸುವ ಸೂಜಿ ಡ್ಯಾಶ್‌ಬೋರ್ಡಿನಲ್ಲೇ ಇದೆ.